ಮೀನಿಗೆ ಬಳೆ ದಾಟಲು ಕಲಿಸುವ ಮೊದಲು ಅದರ ಊಟದ ಲೆಕ್ಕ ನೋಡಿ

ಪ್ರಶ್ನೆ: ನಮ್ಮ ಮನೆಯಲ್ಲಿ ಎರಡು ಅಡಿ ಟ್ಯಾಂಕಿನಲ್ಲಿ ನಾಲ್ಕು ಗೋಲ್ಡ್ ಫಿಶ್ ಇವೆ. ಎರಡು ರೆಡ್ ಕ್ಯಾಪ್ (ತಲೆಯ ಮೇಲೆ ಕೆಂಪು ಗಂಟಿರುವ, ಗುಂಡು ಮೈಯ ಜಾತಿ), ಎರಡು ಉದ್ದ ಮೈಯ ಸಾದಾ ಜಾತಿ. ಪಕ್ಕದಲ್ಲಿ ಗಾಜಿನ ಜಾರಿನಲ್ಲಿ ಒಂದು ಫೈಟರ್ ಮೀನು. ಹತ್ತು ವರ್ಷದ ಮಗ ಮೊಬೈಲಿನಲ್ಲಿ ಮೀನು ರಿಂಗಿನೊಳಗೆ ಈಜುವ ವಿಡಿಯೊ ನೋಡಿ, ತಾನೂ ಕಲಿಸುತ್ತೇನೆ ಎಂದು ನನ್ನ ಬಳೆಗೆ ದಾರ ಕಟ್ಟಿ ಟ್ಯಾಂಕಿನೊಳಗೆ ಇಳಿಬಿಟ್ಟಿದ್ದಾನೆ. ಮೀನು ಬಳೆಯ ಹತ್ತಿರ ಬಂದಾಗಲೆಲ್ಲ ಚಿಟಿಕೆ ಆಹಾರ ಹಾಕುತ್ತಾನೆ. ಮೊದಲ ವಾರ ಎಲ್ಲ ಚೆನ್ನಾಗಿತ್ತು. ಈಗ ಒಂದು ರೆಡ್ ಕ್ಯಾಪ್ ಹೊಟ್ಟೆ ಉಬ್ಬಿಸಿಕೊಂಡು, ಒಂದು ಕಡೆ ವಾಲಿ, ನೀರಿನ ಮೇಲೆ ತೇಲುತ್ತಿದೆ. ನೀರೂ ಮಬ್ಬಾಗಿದೆ. ಅಂಗಡಿಯವರು "ಎರಡು ದಿನ ಊಟ ಹಾಕಬೇಡಿ, ಹಸಿದರೆ ತಾನೇ ಕಲಿಯುತ್ತವೆ" ಅಂದರು. ನಮ್ಮ ಯಜಮಾನರು "ಮೀನಿಗೆ ಮೂರು ಸೆಕೆಂಡ್ ನೆನಪು, ಸುಮ್ನೆ ಟೈಮ್ ವೇಸ್ಟ್" ಅನ್ನುತ್ತಾರೆ. ಅತ್ತೆಗೆ ಇದು ಮೂಕಪ್ರಾಣಿಗೆ ಕೊಡುವ ಹಿಂಸೆ ಅನ್ನಿಸುತ್ತದೆ. ಮಗನಿಗೆ ಫೈಟರ್ ಮೀನು ಬೆರಳಿನ ಮೇಲಿನ ಕಾಳಿಗೆ ನೆಗೆಯುವುದನ್ನೂ ಕಲಿಸುವ ಆಸೆ. ಮೀನು ನಿಜವಾಗಿ ಕಲಿಯುತ್ತದೆಯೇ? ಮುಂದುವರಿಸಲು ಬಿಡಬಹುದೇ?
(ಓದುಗರೊಬ್ಬರು, ದಾವಣಗೆರೆ)

ಉತ್ತರ: ಕಲಿಸುವ ವಿಷಯ ಒಂದೆರಡು ವಾರ ಕಾಯಬಹುದು. ರೆಡ್ ಕ್ಯಾಪ್ ಕಾಯುವುದಿಲ್ಲ. ಅದನ್ನೇ ಮೊದಲು ಹೇಳುತ್ತೇನೆ.

ಗೋಲ್ಡ್ ಫಿಶ್‌ಗೆ ನಮ್ಮ ಹಾಗೆ ಜಠರ ಇರುವುದಿಲ್ಲ. ತಿಂದದ್ದು ನೇರವಾಗಿ ಕರುಳಿಗೆ ಹೋಗುತ್ತದೆ. ಒಂದು ಕಡೆ ಕೂಡಿಟ್ಟುಕೊಂಡು ನಿಧಾನವಾಗಿ ಅರಗಿಸುವ ಚೀಲವೇ ಇಲ್ಲದ್ದರಿಂದ ಅದು ಯಾವಾಗಲೂ ಹುಡುಕುತ್ತಾ, ಕೆದಕುತ್ತಾ, ಸ್ವಲ್ಪ ಸ್ವಲ್ಪ ತಿನ್ನುತ್ತಿರುತ್ತದೆ. ನೀವು ಟ್ಯಾಂಕಿನ ಹತ್ತಿರ ಹೋದಾಗಲೆಲ್ಲ ಬಾಯಿ ತೆರೆದು ಬರುತ್ತದಲ್ಲ, ಅದನ್ನು ಹಸಿವು ಎಂದುಕೊಳ್ಳಬೇಡಿ. ಅದರ ಸ್ವಭಾವವೇ ಹಾಗೆ. ನಿಮ್ಮ ಮಗ ಪ್ರತಿ ಸಲ ಹಾಕಿದ ಚಿಟಿಕೆಯನ್ನೂ ಅದು ತಿಂದಿದೆ. ಜೊತೆಗೆ ದಿನದ ಮಾಮೂಲಿ ಊಟವೂ ಆಗಿದೆ, ಅಲ್ವಾ? ತೇಲುವ ಒಣ ಕಾಳು ನೀರು ಹೀರಿ ಉಬ್ಬುತ್ತದೆ. ಮೇಲೆ ತೇಲುತ್ತಿರುವುದನ್ನು ಕಚ್ಚುವಾಗ ಗಾಳಿಯೂ ಒಳಗೆ ಹೋಗುತ್ತದೆ. ರೆಡ್ ಕ್ಯಾಪ್‌ನಂಥ ಗುಂಡು ಮೈಯ ಜಾತಿಗಳಲ್ಲಿ ಕರುಳು, ಮೀನನ್ನು ನೀರಿನಲ್ಲಿ ತೇಲಿಸುವ ಗಾಳಿಚೀಲ ಎಲ್ಲವೂ ಇಕ್ಕಟ್ಟಿನಲ್ಲಿ ಕೂತಿರುತ್ತವೆ. ಕರುಳು ತುಂಬಿ ಉಬ್ಬಿದರೆ ಗಾಳಿಚೀಲದ ಮೇಲೆ ಒತ್ತಡ ಬಿದ್ದು ಮೀನಿಗೆ ಸಮತೋಲ ತಪ್ಪುತ್ತದೆ. ಉದ್ದ ಮೈಯ ಎರಡಕ್ಕೆ ಏನೂ ಆಗದೆ ಇದಕ್ಕೇ ಆದದ್ದು ಅದಕ್ಕೇ.

ನೀರು ಮಬ್ಬಾಗಿರುವುದೂ ಇದೇ ಕತೆಯ ಇನ್ನೊಂದು ಭಾಗ. ತಿನ್ನದೆ ಉಳಿದದ್ದು ಮತ್ತು ಜಾಸ್ತಿಯಾದ ಹಿಕ್ಕೆ ಕೊಳೆತು ಬ್ಯಾಕ್ಟೀರಿಯಾ ಹೆಚ್ಚಿವೆ. ಜೊತೆಗೆ ಅಮೋನಿಯ ಏರಿರುವ ಸಾಧ್ಯತೆ ಇದೆ. ಕಣ್ಣಿಗೆ ಕಾಣದ ಈ ಅಮೋನಿಯ ಮೀನಿನ ಕಿವಿರನ್ನು ಸುಡುತ್ತದೆ. ಆಕ್ವೇರಿಯಂ ಅಂಗಡಿಯಲ್ಲಿ ಟೆಸ್ಟ್ ಕಿಟ್ ಸಿಗುತ್ತದೆ, ಒಂದು ತಂದಿಟ್ಟುಕೊಳ್ಳಿ. ಅಮೋನಿಯ ಮತ್ತು ಅದರಿಂದ ಆಗುವ ನೈಟ್ರೈಟ್ ಎರಡೂ ಸೊನ್ನೆ ಇರಬೇಕು.

ಇವತ್ತೇ ನೀರಿನ ಮೂರರಲ್ಲಿ ಒಂದು ಭಾಗ ಬದಲಿಸಿ. ನಾಳೆ ಇನ್ನೊಮ್ಮೆ ಬದಲಿಸಿ. ಹೊಸ ನೀರು ಟ್ಯಾಂಕಿನ ನೀರಿನಷ್ಟೇ ಬೆಚ್ಚಗಿರಲಿ. ನಲ್ಲಿ ನೀರಾದರೆ ಆಂಟಿ-ಕ್ಲೋರಿನ್ ಹಾಕಿ. ಫಿಲ್ಟರ್ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ತೊಳೆಯಬೇಡಿ. ಟ್ಯಾಂಕಿನಿಂದ ತೆಗೆದ ಹಳೆ ನೀರಿನಲ್ಲೇ ಹಿಂಡಿ. ಅಮೋನಿಯವನ್ನು ತಿಂದು ಮುಗಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳು ಇರುವುದು ಆ ಸ್ಪಂಜಿನಲ್ಲೇ. ರೆಡ್ ಕ್ಯಾಪ್‌ಗೆ ಒಂದರಿಂದ ಎರಡು ದಿನ ಊಟ ಬೇಡ. ಆಮೇಲೆ ಬೇಯಿಸಿ ಸಿಪ್ಪೆ ತೆಗೆದ ಹಸಿ ಬಟಾಣಿಯ ಚೂರು ಕೊಡಿ. ಉಪ್ಪು, ಒಗ್ಗರಣೆ ಏನೂ ಬೇಡ. ಹೆಚ್ಚಿನ ಮೀನುಗಳು ಇಷ್ಟಕ್ಕೇ ಸುಧಾರಿಸುತ್ತವೆ. ನಾಲ್ಕೈದು ದಿನವಾದರೂ ಹಾಗೇ ತೇಲುತ್ತಿದ್ದರೆ, ಅಥವಾ ಮೈಮೇಲಿನ ಹುರುಪೆಗಳು ಎದ್ದು ನಿಂತರೆ, ಅದು ಬರೀ ಅಜೀರ್ಣವಲ್ಲ. ಮೀನುಗಳನ್ನು ನೋಡುವ ಪಶುವೈದ್ಯರನ್ನೋ ಮೀನುಗಾರಿಕೆ ಕಾಲೇಜಿನವರನ್ನೋ ಕೇಳಿ. ಕ್ಯಾಪ್ಸೂಲ್ ಒಡೆದು ಆಂಟಿಬಯೋಟಿಕ್ ಪುಡಿಯನ್ನು ನೀರಿಗೆ ಸುರಿಯುವ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ. ದಯವಿಟ್ಟು ಮಾಡಬೇಡಿ. ರೋಗ ಯಾವುದೆಂದು ಗೊತ್ತಿಲ್ಲದೆ ಹಾಕಿದ ಔಷಧ ಫಿಲ್ಟರಿನ ಬ್ಯಾಕ್ಟೀರಿಯಾಗಳನ್ನೂ ಕೊಲ್ಲಬಹುದು. ಆಗ ಅಮೋನಿಯ ಇನ್ನೂ ಏರುತ್ತದೆ.

ಅಂಗಡಿಯವರು ಹೇಳಿದ ಎರಡು ದಿನದ ಉಪವಾಸವನ್ನೇ ನಾನೂ ಹೇಳಿದೆ ಅನ್ನಿಸಬಹುದು. ವ್ಯತ್ಯಾಸ ದೊಡ್ಡದು. ಕರುಳು ಕಟ್ಟಿದ ಮೀನಿಗೆ ಉಪವಾಸ ಚಿಕಿತ್ಸೆ. ಆರೋಗ್ಯವಾಗಿರುವ ಮೀನನ್ನು ಕಲಿಯಲಿ ಎಂದು ಹಸಿವಿನಲ್ಲಿ ಇಡುವುದು ಬೇರೆ ಮಾತು. ಎರಡು ದಿನ ಹಸಿದ ಮೀನು ಸಾಯುವುದಿಲ್ಲ, ನಿಜ. ಆದರೆ ಪಾಠಕ್ಕೆ ಅದು ಕೆಟ್ಟ ಸ್ಥಿತಿ. ಹಸಿದವು ಒಂದರ ಮೇಲೊಂದು ಬೀಳುತ್ತವೆ, ಬಾಲ ಕಚ್ಚುತ್ತವೆ, ಸಿಕ್ಕಿದ್ದನ್ನು ನುಂಗುತ್ತವೆ. ಚುರುಕಾದದ್ದು ಎಲ್ಲವನ್ನೂ ತಿಂದು ಮತ್ತೆ ಹೊಟ್ಟೆ ಉಬ್ಬಿಸಿಕೊಳ್ಳುತ್ತದೆ. ಬಳೆಯ ಕಡೆ ಗಮನ ಯಾವುದಕ್ಕೂ ಇರುವುದಿಲ್ಲ. ರಾತ್ರಿ ಕಳೆದು ಬೆಳಗಾದಾಗ ಮೀನಿಗೆ ತಾನಾಗೇ ಆಗುವ ಹಸಿವು ಕಲಿಕೆಗೆ ಧಾರಾಳ ಸಾಕು. ಹಾಗಾಗಿ ಪಾಠ ಬೆಳಗಿನ ಊಟದ ಹೊತ್ತಿಗೆ ಇರಲಿ.

ಇನ್ನು ಮೂರು ಸೆಕೆಂಡಿನ ನೆನಪಿನ ಮಾತು. ಇದು ಪೂರ್ತಿ ಸುಳ್ಳು. ಎಲ್ಲಿಂದ ಹುಟ್ಟಿತೋ, ಮೀನನ್ನು ಚಿಕ್ಕ ಬಟ್ಟಲಿನಲ್ಲಿ ಇಡುವವರಿಗೆ ಮಾತ್ರ ಒಳ್ಳೆಯ ಸಮಾಧಾನ ಕೊಟ್ಟಿದೆ. ಜೇನ್ನೊಣಗಳ ಕುಣಿತದ ಅರ್ಥ ಬಿಡಿಸಿ 1973ರಲ್ಲಿ ನೊಬೆಲ್ ಪಡೆದ ಕಾರ್ಲ್ ಫಾನ್ ಫ್ರಿಶ್, ಅದಕ್ಕೂ ಬಹಳ ಹಿಂದೆ, 1923ರಲ್ಲೇ, ಕಣ್ಣಿಲ್ಲದ ಒಂದು ಬೆಕ್ಕುಮೀನು ಸಿಳ್ಳೆ ಕೇಳಿದರೆ ಊಟಕ್ಕೆ ಹೊರಗೆ ಬರುವುದನ್ನು ವರದಿ ಮಾಡಿದ್ದರು. ಮೀನಿಗೆ ಕಿವಿ ಕೇಳಿಸುತ್ತದೆಯೇ ಎಂದೇ ಜನ ಅನುಮಾನಿಸುತ್ತಿದ್ದ ಕಾಲ ಅದು. ಆಸ್ಟ್ರೇಲಿಯದ ರೇನ್‌ಬೋ ಮೀನುಗಳು ಬಲೆಯಲ್ಲಿದ್ದ ತೂತಿನಿಂದ ತಪ್ಪಿಸಿಕೊಳ್ಳುವುದನ್ನು ಕಲಿತು, 11 ತಿಂಗಳ ನಂತರವೂ ಮರೆತಿರಲಿಲ್ಲ. ಇಸ್ರೇಲಿನ ಬೆನ್-ಗುರಿಯನ್ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಪ್ರಯೋಗ ನಿಮ್ಮ ಮಗನಿಗೆ ತುಂಬಾ ಇಷ್ಟವಾಗುತ್ತದೆ. ಅವರು ನೀರಿನ ತೊಟ್ಟಿಗೆ ಚಕ್ರ ಹಾಕಿ ಮೇಲೆ ಕ್ಯಾಮೆರಾ ಇಟ್ಟರು. ಒಳಗಿನ ಗೋಲ್ಡ್ ಫಿಶ್ ಯಾವ ಕಡೆ ಹೋಗುತ್ತದೋ ಗಾಡಿಯೂ ಆ ಕಡೆ ಹೋಗುತ್ತದೆ. ಗುರಿ ಹಲಗೆ ಮುಟ್ಟಿದರೆ ಒಂದು ಕಾಳು. ಮೀನುಗಳು ಗಾಡಿ ಓಡಿಸಲು ಕಲಿತವು.

ಅಷ್ಟು ದೂರ ಹೋಗುವುದೂ ಬೇಡ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲಿಗೆ ಇಳಿದರೆ ದೊಡ್ಡ ದೊಡ್ಡ ಮೀನುಗಳು ಕಾಲ ಬಳಿ ಸೇರುವುದನ್ನು ನಿಮ್ಮ ಮನೆಯವರೂ ನೋಡಿರಬಹುದು. ಶಿಶಿಲದಲ್ಲೂ ಹಾಗೆಯೇ. ಜನರು ಮೆಟ್ಟಿಲಿಗೆ ಬಂದರು ಅಂದರೆ ಊಟ ಬಂತು ಎಂದು ಅವು ಕಲಿತಿವೆ. (ಇದನ್ನು ನೋಡಿ ಮನೆಯ ಟ್ಯಾಂಕಿಗೂ ಮಂಡಕ್ಕಿ, ಬ್ರೆಡ್ಡು, ಬಿಸ್ಕತ್ತು ಹಾಕುವವರಿದ್ದಾರೆ. ಬೇಡ. ಅಲ್ಲಿ ಹರಿಯುವ ಹೊಳೆ ಇದೆ. ನಿಮ್ಮ ಎರಡು ಅಡಿ ಟ್ಯಾಂಕಿನಲ್ಲಿ ಹೆಚ್ಚೆಂದರೆ ಐವತ್ತು ಲೀಟರ್ ನೀರಿದೆ.)

ಮೀನು ಕಲಿಯುತ್ತದೆ. ಆದರೆ ನಾವು ಕಲಿಸಿದ್ದೇವೆ ಅಂದುಕೊಂಡದ್ದನ್ನೇ ಕಲಿಯುತ್ತದೆ ಎಂದಿಲ್ಲ. ನಿಮ್ಮ ಮನೆಯಲ್ಲಿ ಆಗಿರುವುದು ಇದೇ. ಮೀನು ಬಳೆಯ ಹತ್ತಿರ ಬಂತು, ಮಗ ಡಬ್ಬಿ ತೆಗೆದ, ಚಿಟಿಕೆ ತೆಗೆದುಕೊಂಡ, ಮೇಲಿನಿಂದ ಉದುರಿಸಿದ. ಅಷ್ಟರಲ್ಲಿ ಮೀನು ಬಳೆ ಬಿಟ್ಟು ಮೇಲೆ ಬಂದಾಗಿತ್ತು. ಊಟ ಸಿಕ್ಕ ಆ ಗಳಿಗೆಯಲ್ಲಿ ಏನು ಮಾಡುತ್ತಿತ್ತೋ ಅದನ್ನೇ ಅದು ಮತ್ತೆ ಮಾಡುತ್ತದೆ. ಅಂದರೆ ನಿಮ್ಮ ಮೀನುಗಳು ಕಲಿತದ್ದು ನೀರಿನ ಮೇಲೆ ಬಂದು ಬಾಯಿ ತೆರೆದು ನಿಲ್ಲುವುದನ್ನು. ಮೇಲೆ ನಿಂತಷ್ಟೂ ಗಾಳಿ ನುಂಗುತ್ತವೆ. ಮಗನದು ತಪ್ಪಿಲ್ಲ. ವಿಡಿಯೊಗಳಲ್ಲಿ ಈ ಭಾಗವನ್ನು ಕತ್ತರಿಸಿ ಹಾಕಿರುತ್ತಾರೆ.

ನನ್ನ ಹತ್ತಿರ ಇಂಥ ಪ್ರಶ್ನೆ ತರುವವರಿಗೆಲ್ಲ ಹೇಳುವ ಮುಖ್ಯ ಮಾತು ಒಂದೇ. ಬಹುಮಾನ ಎಂದು ಬೇರೆ ಊಟ ಇಲ್ಲ. ದಿನದ ಊಟವೇ ಬಹುಮಾನ. ನಾಲ್ಕು ಮೀನು ಸೇರಿ ಎರಡು ನಿಮಿಷದಲ್ಲಿ ಎಷ್ಟು ತಿಂದು ಮುಗಿಸುತ್ತವೆ ಎಂದು ಒಮ್ಮೆ ನೋಡಿ. ದಿನಕ್ಕೆ ಎರಡು ಹೊತ್ತು, ಒಂದೊಂದು ಹೊತ್ತಿಗೆ ಅಷ್ಟೇ ಬೇಕು. ಅದನ್ನು ಬೆಳಗ್ಗೆಯೇ ಒಂದು ಬಾಟಲಿ ಮುಚ್ಚಳದಲ್ಲಿ ತೆಗೆದಿಡಿ. ಪಾಠವೂ ಅದರಿಂದಲೇ, ಊಟವೂ ಅದರಿಂದಲೇ. ಮುಚ್ಚಳ ಖಾಲಿಯಾದರೆ ಆ ದಿನದ ಪಾಠ ಮುಗಿಯಿತು. ದೊಡ್ಡ ಡಬ್ಬಿ ಮಗನ ಕೈಗೆ ಸಿಗದ ಕಡೆ ಇರಲಿ. ಇಷ್ಟು ಒಂದು ನಿಯಮ ಮನೆಯಲ್ಲಿ ನಿಂತರೆ ಅರ್ಧ ಕಷ್ಟ ಬರುವುದೇ ಇಲ್ಲ.

ಊಟ ಕೊಡುವ ರೀತಿಯನ್ನೂ ಬದಲಿಸಬೇಕು. ತೇಲುವ ಕಾಳು ಬಿಟ್ಟು ಮುಳುಗುವ ಸಣ್ಣ ಪೆಲೆಟ್ ತನ್ನಿ. ಕೊಡುವ ಮುಂಚೆ ಟ್ಯಾಂಕಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ. ಮೆಡಿಕಲ್ ಶಾಪಿನಲ್ಲಿ ಸಿಗುವ ಸಿರಿಂಜಿನ ಸೂಜಿ ತೆಗೆದು, ನೆನೆದ ಆಹಾರವನ್ನು ಅದರಲ್ಲಿ ತುಂಬಿ, ನೀರಿನೊಳಗೇ ಮೀನಿನ ಬಾಯಿಯ ಮುಂದೆ ಒಂದು ಚೂರು ಬಿಡಬಹುದು. ಈಗ ಊಟ ಸಿಗುವ ಜಾಗ ಮತ್ತು ಗಳಿಗೆ ಎರಡೂ ನಿಮ್ಮ ಕೈಯಲ್ಲಿವೆ.

ರೆಡ್ ಕ್ಯಾಪ್ ಚೇತರಿಸಿಕೊಂಡು ನೀರು ತಿಳಿಯಾದ ಮೇಲೆ ಹೀಗೆ ಶುರು ಮಾಡಲಿ. ಮೊದಲ ಕೆಲವು ದಿನ ಸಿರಿಂಜಿನ ತುದಿಯಿಂದ ಊಟ, ಅಷ್ಟೇ. ಮೀನು ಸಿರಿಂಜಿನ ಹಿಂದೆ ಬರುವುದು ಅಭ್ಯಾಸವಾದಾಗ ಒಂದು ಕಡ್ಡಿಯ ತುದಿಗೆ ಕೆಂಪು ಪ್ಲಾಸ್ಟಿಕ್ ಮಣಿ ಸಿಕ್ಕಿಸಿ ಪಕ್ಕದಲ್ಲಿ ಹಿಡಿಯಲಿ. ಮೀನು ಮಣಿಗೆ ಮೂತಿ ತಾಗಿಸಿದ ಕೂಡಲೇ ಒಂದು ಚೂರು. ಒಂದು ಸೆಕೆಂಡಿನ ಒಳಗೆ ಸಿಗಬೇಕು. ಮಣಿ ಎಲ್ಲಿ ಹೋದರೂ ಹಿಂದೆ ಬರುತ್ತದೆ ಎಂದಾದ ಮೇಲೆ ರಿಂಗ್ ಇಳಿಸಲಿ. ರಿಂಗಿನ ಆಚೆ ಮಣಿ, ಈಚೆ ಮೀನು. ತೂರಿ ಬಂದರೆ ಆಚೆ ಬದಿಯಲ್ಲೇ ಊಟ. ಹೆದರಿ ಹಿಂದೆ ಸರಿದರೆ ಒಂದು ಹೆಜ್ಜೆ ಹಿಂದಕ್ಕೆ ಹೋಗಬೇಕು, ರಿಂಗಿನ ಹತ್ತಿರ ಬಂದದ್ದಕ್ಕೇ ಊಟ ಕೊಡಬೇಕು. ಒಂದು ಸಲಕ್ಕೆ ಎರಡು ಮೂರು ನಿಮಿಷ ಸಾಕು. ಕೆಲವು ಮೀನು ವಾರದಲ್ಲಿ ಕಲಿಯುತ್ತದೆ, ಕೆಲವಕ್ಕೆ ತಿಂಗಳು ಬೇಕು. ತಲೆಯ ಮೇಲಿನ ಗಂಟು ಬೆಳೆದು ಕಣ್ಣಿಗೆ ಅಡ್ಡ ಬಂದಿರುವ ರೆಡ್ ಕ್ಯಾಪ್‌ಗಳು ಮಣಿಯನ್ನು ಕಾಣುವುದೇ ಕಷ್ಟ. ಅವುಗಳಿಗೆ ಆತುರ ಮಾಡಬೇಡಿ.

ಬಳೆ ಬೇಡ. ಸಾಮಾನ್ಯ ಅಳತೆಯ ಬಳೆ ಗುಂಡು ಹೊಟ್ಟೆಯ ಮೀನಿಗೆ ಬಿಗಿ. ಬಣ್ಣ, ಮಿಂಚು, ಲೋಹದ ಲೇಪ ನೀರಿಗೆ ಬಿಡುತ್ತವೆ. ತಾಮ್ರದ ಅಂಶ ಸ್ವಲ್ಪ ಇದ್ದರೂ ಮೀನಿಗೆ ವಿಷ. ಏರ್ ಪಂಪಿನ ಪೈಪನ್ನೇ ಒಂದು ಅಡಿಗಿಂತ ತುಸು ಉದ್ದ ಕತ್ತರಿಸಿ, ಎರಡು ತುದಿಯನ್ನು ಜಾಯಿಂಟ್ ಹಾಕಿ ಸೇರಿಸಿದರೆ ನಾಲ್ಕು ಇಂಚಿನ ಒಳ್ಳೆಯ ರಿಂಗ್ ಆಗುತ್ತದೆ. ಚೂಪು ಅಂಚಿಲ್ಲ, ರೆಕ್ಕೆ ಹರಿಯುವುದಿಲ್ಲ.

ನಿಮ್ಮಲ್ಲಿ ಇನ್ನೊಂದು ತೊಡಕಿದೆ. ಉದ್ದ ಮೈಯವು ವೇಗದವು, ರೆಡ್ ಕ್ಯಾಪ್ ನಿಧಾನ. ಒಂದಕ್ಕೆ ಪಾಠ ಮಾಡುವಾಗ ಬೇರೆಯವು ನುಗ್ಗಿ ಕಸಿದುಕೊಳ್ಳುತ್ತವೆ. ಮನೆಯಲ್ಲಿ ಇಬ್ಬರು ಕೂತರೆ ಇದು ಸುಲಭ. ಒಬ್ಬರು ಒಂದು ಮೂಲೆಯಲ್ಲಿ ವೇಗದವಕ್ಕೆ ಹಳದಿ ಮಣಿ ತೋರಿಸಿ ಊಟ ಕೊಡಲಿ, ಮಗ ಇನ್ನೊಂದು ಮೂಲೆಯಲ್ಲಿ ಕೆಂಪು ಮಣಿ ಹಿಡಿಯಲಿ. ಗೋಲ್ಡ್ ಫಿಶ್‌ನ ಬಣ್ಣದ ದೃಷ್ಟಿ ನಮಗಿಂತ ವಿಸ್ತಾರ. ನಮಗೆ ಕಾಣದ ನೇರಳಾತೀತವೂ ಅದಕ್ಕೆ ಕಾಣುತ್ತದೆ. ತನ್ನ ಬಣ್ಣ ಯಾವುದು ಎಂದು ಅದು ಬೇಗ ಹಿಡಿಯುತ್ತದೆ. ದೊಡ್ಡ ಸಾರ್ವಜನಿಕ ಆಕ್ವೇರಿಯಂಗಳಲ್ಲಿ ಶಾರ್ಕ್, ತೊರಕೆ ಮೀನುಗಳಿಗೂ ಇದೇ ಉಪಾಯ ಮಾಡುತ್ತಾರೆ. ಒಂದೊಂದಕ್ಕೂ ಬೇರೆ ಗುರುತು. ಯಾವುದು ತಿಂದಿತು, ಯಾವುದು ತಿನ್ನಲಿಲ್ಲ ಎಂದು ಹೀಗೆ ದಿನವೂ ಗೊತ್ತಾಗುತ್ತದೆ.

ರಿಂಗಿಗಿಂತ ಮೊದಲು ಕಲಿಸಬೇಕಾದ ಒಂದು ವಿದ್ಯೆ ಇದೆ. ನಾನಾಗಿದ್ದರೆ ಅಲ್ಲಿಂದಲೇ ಶುರು ಮಾಡುತ್ತಿದ್ದೆ. ಅಗಲ ಬಾಯಿಯ ಪಾರದರ್ಶಕ ಡಬ್ಬಿಯೊಂದನ್ನು ನೀರಿನಲ್ಲಿ ಮಲಗಿಸಿ, ಮಣಿ ತೋರಿಸಿ ಮೀನು ತಾನೇ ಅದರೊಳಗೆ ಬರುವ ಹಾಗೆ ಮಾಡಿ. ಒಳಗೇ ಊಟ ಸಿಗಲಿ. ಮೊದಮೊದಲು ಡಬ್ಬಿಯನ್ನು ಅಲುಗಿಸಬೇಡಿ. ಅಭ್ಯಾಸವಾದ ಮೇಲೆ ಮೆಲ್ಲಗೆ ಎತ್ತಿ ನಿಲ್ಲಿಸಿ. ನೀರು ಡಬ್ಬಿಯೊಳಗೇ ಇರಲಿ. ಹೊಟ್ಟೆಯ ಕೆಳಗೆ, ಕಿವಿರಿನ ಬಣ್ಣ, ಹುರುಪೆ ಎಲ್ಲ ಹತ್ತಿರದಿಂದ ನೋಡಬಹುದು. ಬಲೆ ಹಿಡಿದು ಟ್ಯಾಂಕ್ ತುಂಬಾ ಅಟ್ಟಾಡಿಸುವುದು ಮೀನಿಗೆ ದೊಡ್ಡ ಭಯ. ಬಲೆಗೆ ಉಜ್ಜಿ ಮೈಮೇಲಿನ ಲೋಳೆ ಹೋಗುತ್ತದೆ, ಸೋಂಕು ತಗಲುತ್ತದೆ. ಕಾಯಿಲೆ ಬಿದ್ದ ದಿನ ತಾನೇ ಡಬ್ಬಿಗೆ ಬರುವ ಮೀನನ್ನು ನೋಡಿಕೊಳ್ಳುವುದು ಎಷ್ಟು ಸುಲಭ ಎಂದು ಹತ್ತಾರು ಮನೆಗಳಲ್ಲಿ ನೋಡಿದ್ದೇನೆ. ಈ ಒಂದು ಕಾರಣಕ್ಕೇ ಮೀನಿಗೆ ಕಲಿಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ. ಅವರ ಆತಂಕ ಪೂರ್ತಿ ಸರಿಯಾಗುವ ಸಂದರ್ಭಗಳಿವೆ. ಹಸಿವಿನಲ್ಲಿ ಇಟ್ಟು ಕಲಿಸುವುದು, ಗಾಜು ಕುಟ್ಟಿ ಕರೆಯುವುದು, ನೀರಿನಿಂದ ಹೊರಗೆ ಎತ್ತುವುದು, ಕೈಯಲ್ಲಿ ಹಿಡಿದು ಮುದ್ದಿಸುವುದು, ಇವೆಲ್ಲ ಹಿಂಸೆಯೇ. ನಾನು ನೋಡುವುದು ಒಂದನ್ನೇ. ಪಾಠದ ಮಧ್ಯೆ ಮೀನು ಬೇಡ ಎಂದು ಹೋಗಲು ಸಾಧ್ಯವೇ, ಹೋದರೂ ಅದಕ್ಕೆ ಅವತ್ತಿನ ಊಟ ಸಿಗುತ್ತದೆಯೇ? ಎರಡಕ್ಕೂ ಹೌದು ಅನ್ನುವ ಹಾಗಿದ್ದರೆ ಹಿಂಸೆಯ ಮಾತು ಬರುವುದಿಲ್ಲ. ಖಾಲಿ ಗಾಜಿನ ಡಬ್ಬದಲ್ಲಿ ಸುಮ್ಮನೆ ಅತ್ತಿಂದಿತ್ತ ತಿರುಗುವುದಕ್ಕಿಂತ ದಿನಕ್ಕೆ ಎರಡು ನಿಮಿಷದ ಕೆಲಸ ಅದಕ್ಕೆ ಒಳ್ಳೆಯದೇ. ರೆಕ್ಕೆ ಮಡಚಿಕೊಂಡು ತಳದಲ್ಲಿ ಕೂತಿದ್ದರೆ, ಊಟ ಬಾಯಿಗೆ ತೆಗೆದುಕೊಂಡು ಉಗುಳಿದರೆ, ಮೇಲೆ ಬಂದು ಏದುಸಿರು ಬಿಡುತ್ತಿದ್ದರೆ, ಅದು ಹಟಮಾರಿತನವಲ್ಲ. ಪಾಠ ನಿಲ್ಲಿಸಿ ನೀರು ಪರೀಕ್ಷಿಸಿ. ಗೋಲ್ಡ್ ಫಿಶ್ ತಂಪು ನೀರಿನ ಮೀನು. ನಿಮ್ಮೂರಿನ ಏಪ್ರಿಲ್, ಮೇ ಬಿಸಿಲಿಗೆ ನೀರು ಕಾದು ಅದರಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ. ಆ ತಿಂಗಳುಗಳಲ್ಲಿ ಏರ್ ಪಂಪ್ ನಿಲ್ಲಿಸಬೇಡಿ, ಮಧ್ಯಾಹ್ನ ಪಾಠ ಬೇಡ.

ಟ್ಯಾಂಕಿನ ವಿಷಯವನ್ನು ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಐವತ್ತು ಲೀಟರಿಗೆ ನಾಲ್ಕು ಗೋಲ್ಡ್ ಫಿಶ್ ಜಾಸ್ತಿ. ಎಷ್ಟೇ ಲೆಕ್ಕ ಹಾಕಿ ಊಟ ಕೊಟ್ಟರೂ ನೀರು ಬೇಗ ಕೆಡುತ್ತದೆ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಟ್ಯಾಂಕ್ ಆದರೆ ಸುಮಾರು 180 ಲೀಟರ್ ಹಿಡಿಯುತ್ತದೆ, ಈಗಿನ ಗಾತ್ರದ ನಾಲ್ಕಕ್ಕೆ ಪರವಾಗಿಲ್ಲ. ಖರ್ಚಿದೆ, ಭಾರವಿದೆ, ಸ್ಟ್ಯಾಂಡ್ ಗಟ್ಟಿ ಬೇಕು. ಅದಾಗದಿದ್ದರೆ ಉದ್ದ ಮೈಯ ಎರಡನ್ನು ದೊಡ್ಡ ತೊಟ್ಟಿ ಇರುವ ಯಾರಿಗಾದರೂ ಕೊಡಿ. ಅವು ಹೇಗೂ ಇನ್ನೂ ಉದ್ದ ಬೆಳೆಯುವ ಜಾತಿ. ಎರಡೂ ಸದ್ಯಕ್ಕೆ ಆಗದು ಎಂದರೆ ವಾರಕ್ಕೆ ಎರಡು ಸಲ ನೀರು ಬದಲಿಸುವ ಕೆಲಸ ತಪ್ಪಿಸಬೇಡಿ. ಕೆರೆಗೋ ಹೊಳೆಗೋ ಮಾತ್ರ ಬಿಡಬೇಡಿ. ಟ್ಯಾಂಕಿನ ಪಾಚಿ ತಿನ್ನಲೆಂದು ಸಾಕಿ, ಹಾಗೆ ಬಿಟ್ಟ ಸಕ್ಕರ್ ಮೀನುಗಳು ನಮ್ಮ ದೇಶದ ಎಷ್ಟೋ ಕೆರೆಗಳಲ್ಲಿ ತುಂಬಿಕೊಂಡು ಊರಿನ ಮೀನುಗಳಿಗೆ ಜಾಗವಿಲ್ಲದ ಹಾಗೆ ಮಾಡಿವೆ.

ಮಗನಿಗೆ ಕೈ ತೊಳೆಯುವ ಪಾಠವೂ ಬೇಕು. ಟ್ಯಾಂಕಿಗೆ ಕೈ ಹಾಕುವ ಮುಂಚೆ ಬರೀ ನೀರಿನಲ್ಲಿ ಚೆನ್ನಾಗಿ ತೊಳೆಯಲಿ. ಸೋಪು, ಸ್ಯಾನಿಟೈಸರ್, ಕೊಬ್ಬರಿ ಎಣ್ಣೆ ಯಾವುದೂ ಕೈಯಲ್ಲಿ ಉಳಿದಿರಬಾರದು. ಮುಗಿದ ಮೇಲೆ ಸೋಪು ಹಾಕಿ ತೊಳೆಯಲಿ. ಕೈಯಲ್ಲಿ ಗಾಯವಿದ್ದರೆ ಅವತ್ತು ಟ್ಯಾಂಕಿಗೆ ಕೈ ಬೇಡ. ಮೀನಿನ ನೀರಿನಿಂದ ಗಾಯದ ಮೂಲಕ ಬರುವ, ಬೇಗ ವಾಸಿಯಾಗದ ಒಂದು ಚರ್ಮದ ಸೋಂಕು ಇದೆ. ಅಪರೂಪ, ಆದರೆ ಇದೆ.

ಕೊನೆಗೆ ಫೈಟರ್. ಅದು ಚುರುಕು, ಬೆರಳನ್ನು ಹಿಂಬಾಲಿಸುವುದನ್ನು ಬೇಗ ಕಲಿಯುತ್ತದೆ. ನೆಗೆಯುವುದನ್ನು ಮಾತ್ರ ಕಲಿಸಬೇಡಿ. ಅದು ಮೊದಲೇ ನೆಗೆಯುವ ಸ್ವಭಾವದ ಮೀನು. ನೆಗೆದರೆ ಊಟ ಎಂದು ಗೊತ್ತಾದ ಮೇಲೆ ಯಾರೂ ಇಲ್ಲದಾಗಲೂ ನೆಗೆಯುತ್ತದೆ. ಬೆಳಗ್ಗೆ ನೆಲದ ಮೇಲೆ ಒಣಗಿ ಸಿಕ್ಕ ಫೈಟರ್ ಬಗ್ಗೆ ಬರುವ ಫೋನು ಕಡಿಮೆಯೇನಲ್ಲ. ಕನ್ನಡಿ ತೋರಿಸಿ ಸಿಟ್ಟು ಬರಿಸಿ ರೆಕ್ಕೆ ಹರಡಿಸುವುದೂ ಬೇಡ. ಇನ್ನೊಂದು ಗಂಡು ಬಂದಿದೆ ಎಂದು ತಿಳಿದು ಸುಸ್ತಾಗುವವರೆಗೆ ಕಾದಾಡುತ್ತದೆ. ಅದರ ಬದಲು ನೀರಿನ ಒಳಗೇ ಮಣಿ ಹಿಂಬಾಲಿಸಲಿ, ಅಗಲ ರಿಂಗ್ ದಾಟಲಿ. ಬಾಲ ಉದ್ದವಿದ್ದರೆ ರಿಂಗ್ ಇನ್ನೂ ಅಗಲ ಇರಲಿ. ದಿನದ ಊಟ ನಾಲ್ಕೈದು ಸಣ್ಣ ಕಾಳು, ಪಾಠವೂ ಅಷ್ಟರಲ್ಲೇ. ಜಾರು ಅದಕ್ಕೆ ಸಾಲದು. ಹದಿನೈದು ಇಪ್ಪತ್ತು ಲೀಟರಿನ ಟ್ಯಾಂಕಿಗೆ ಬದಲಿಸಿ, ನೀರು 25ರಿಂದ 28 ಡಿಗ್ರಿ ಇರಲಿ. ಚಳಿಗಾಲದಲ್ಲಿ ಚಿಕ್ಕ ಹೀಟರ್ ಬೇಕಾಗಬಹುದು. ಮೇಲೆ ಮುಚ್ಚಳ ಇರಲೇಬೇಕು. ಅದು ಮೇಲೆ ಬಂದು ಗಾಳಿ ಕುಡಿಯುವ ಮೀನಾದ್ದರಿಂದ ನೀರಿಗೂ ಮುಚ್ಚಳಕ್ಕೂ ನಡುವೆ ಎರಡು ಇಂಚು ಜಾಗ ಬಿಡಿ.